ಪ್ರವಾಹ ವಿಮೆಯೂ ಅರ್ಜಿಯ ಹಾಳೆಯೂ

ನೀರಿನಲ್ಲಿ ಮುಳುಗಿ ನಷ್ಟವಾದ ಭತ್ತದ ಬೆಳೆಯನ್ನು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯೊಳಗೆ ಮತ್ತೆ ಸೇರಿಸಿಕೊಳ್ಳುವುದಾಗಿ ಕೇಂದ್ರ ಕೃಷಿ ಮಂತ್ರಾಲಯವು 2025ರ ನವೆಂಬರಿನಲ್ಲಿ ಪ್ರಕಟಿಸಿತು. 2026ರ ಮುಂಗಾರು ಹಂಗಾಮಿನಿಂದ ಇದು ಅನ್ವಯವೆಂದು ಪ್ರಕಟಣೆ ಹೇಳಿತು. 2018ರಲ್ಲಿ ಈ ಸೌಲಭ್ಯವನ್ನು ತೆಗೆದುಹಾಕಲಾಗಿತ್ತು. ಹೊಳೆಬದಿಯಲ್ಲಿ ಗದ್ದೆಯುಳ್ಳವರಿಗೆ ಇದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಈ ಯೋಜನೆಯಲ್ಲಿ ಸಾಮಾನ್ಯವಾಗಿ ಪರಿಹಾರ ನಿಶ್ಚಯವಾಗುವುದು ಒಂದು ಪ್ರದೇಶದ ಸರಾಸರಿ ಇಳುವರಿಯ ಮೇಲೆ. ಪಂಚಾಯತಿನ ಸರಾಸರಿ ಚೆನ್ನಾಗಿದ್ದರೆ, ತಗ್ಗಿನ ಒಂದು ಗದ್ದೆ ಪೂರ್ತಿ ಕೊಳೆತುಹೋದರೂ ಅದರ ಒಡೆಯನಿಗೆ ಏನೂ ಸಿಗಲಾರದು. ಒಬ್ಬೊಬ್ಬನ ಗದ್ದೆಯನ್ನೇ ನೋಡಿ ನಷ್ಟ ಎಣಿಸುವ ಕೆಲವೇ ಸಂದರ್ಭಗಳಲ್ಲಿ ಮುಳುಗಡೆಯೂ ಒಂದು. ಅದು ಹೋಗಿತ್ತು, ಮರಳಿ ಬರುತ್ತದೆ ಎಂದರೆ ಸಂತೋಷವೇ. ಯಾವ ಬೆಳೆಗೆ, ಯಾವ ಪ್ರದೇಶಕ್ಕೆ ಎಂಬುದನ್ನು ರಾಜ್ಯ ಸರಕಾರ ಅಧಿಸೂಚನೆಯ ಮೂಲಕ ತಿಳಿಸಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಆದರೆ ಸುದ್ದಿಯ ಕೊನೆಯಲ್ಲಿ ಒಂದು ಷರತ್ತಿದೆ. ನಷ್ಟವನ್ನು 72 ತಾಸುಗಳೊಳಗೆ, ಮೊಬೈಲ್ ಆ್ಯಪ್ ಮೂಲಕ, ಸ್ಥಳದ ಗುರುತು ಮೂಡಿದ ಛಾಯಾಚಿತ್ರಗಳೊಡನೆ ತಿಳಿಸಬೇಕು. ಮೂರು ಹಗಲು, ಮೂರು ರಾತ್ರಿ. ಕರೆಂಟು ಹೋಗಿ, ಟವರು ಸಿಗದೆ, ಗದ್ದೆಯ ಹುಣಿಯೇ ಕಾಣಿಸದ ಹೊತ್ತಿನಲ್ಲಿ. ಯೋಜನೆಯ ಉದ್ದೇಶ ಎಷ್ಟೇ ಉದಾರವಾಗಿದ್ದರೂ ಹಣ ಕೈಸೇರುವುದೋ ಇಲ್ಲವೋ ಎಂಬುದು ಇಂಥ ಒಂದೆರಡು ಸಾಲುಗಳಲ್ಲಿ ತೀರ್ಮಾನವಾಗುತ್ತದೆ. ಈ ಸಾಲುಗಳನ್ನು ಬರೆಯುವವರು ಯಾರು, ಬರೆಯುವ ಮೊದಲು ಯಾರನ್ನು ಕೇಳುತ್ತಾರೆ ಎಂಬ ಪ್ರಶ್ನೆಗೆ ಬೇರೊಂದು ದೇಶದ ಅನುಭವವನ್ನು ನೋಡುವುದು ಪ್ರಯೋಜನಕರ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸರಕಾರವೇ ಪ್ರವಾಹ ವಿಮೆಯನ್ನು ನಡೆಸುತ್ತಿದೆ. 1965ರ ಬೆಟ್ಸಿ ಚಂಡಮಾರುತದ ಅನಂತರ, 1968ರಲ್ಲಿ, ಇದಕ್ಕೆ ಕಾನೂನಾಯಿತು. ನೆರೆ ಬರುವ ಕಡೆ ಖಾಸಗಿ ಕಂಪೆನಿಗಳು ವಿಮೆ ಮಾಡಲು ಒಪ್ಪದಿದ್ದುದೇ ಇದಕ್ಕೆ ಕಾರಣ. ವಾಸದ ಮನೆಗೆ ಎರಡೂವರೆ ಲಕ್ಷ ಡಾಲರು, ಮನೆಯೊಳಗಿನ ಸಾಮಾನಿಗೆ ಒಂದು ಲಕ್ಷ ಡಾಲರು ವಿಮೆಯ ಗರಿಷ್ಠ ಮಿತಿ. ಕಂತು ಕಟ್ಟಿದವನ ಮನೆಗೆ ನೀರು ನುಗ್ಗಿದರೆ ಕಂಪೆನಿಯ ಮೂಲಕ ನಷ್ಟ ಅಳೆಯುವವನು ಬರುತ್ತಾನೆ. ಅಷ್ಟರಿಂದ ಮುಗಿಯುವುದಿಲ್ಲ. ಮನೆಯವನು ತನಗಾದ ನಷ್ಟವನ್ನು ಪ್ರಮಾಣಪೂರ್ವಕವಾಗಿ ಬರೆದು, ಸಹಿ ಮಾಡಿ, 60 ದಿನಗಳೊಳಗೆ ಒಪ್ಪಿಸಬೇಕು. ಅಳೆಯಲು ಬಂದವನು ಸೌಜನ್ಯಕ್ಕೆ ಸಹಾಯ ಮಾಡಬಹುದು; ಜವಾಬ್ದಾರಿ ಮನೆಯವನದೇ. ದೊಡ್ಡ ವಿಪತ್ತುಗಳಲ್ಲಿ ಸರಕಾರ ಅವಧಿಯನ್ನು ವಿಸ್ತರಿಸುವುದುಂಟು. 2017ರ ಹಾರ್ವೆ ಚಂಡಮಾರುತದ ಕಾಲಕ್ಕೆ 365 ದಿನಗಳ ಅವಕಾಶ ಕೊಟ್ಟರು. ಹಾಗೆ ವಿಸ್ತರಿಸದಿದ್ದಲ್ಲಿ, ಹಾಳೆ ತಪ್ಪಿದವನ ನಷ್ಟ ನಿಜವೇ ಆಗಿದ್ದರೂ ನ್ಯಾಯಾಲಯಗಳು ಅವನನ್ನು ಬರಿಗೈಯಲ್ಲಿ ಕಳುಹಿಸಿವೆ.

ಈ ಕಾಠಿಣ್ಯದ ಬೇರು 1947ರ ಒಂದು ತೀರ್ಪಿನಲ್ಲಿದೆ. ಅದು ನೆರೆಯದಲ್ಲ, ಬೆಳೆ ವಿಮೆಯದು. ನಮ್ಮವರಿಗೆ ಇನ್ನೂ ಹತ್ತಿರದ್ದು. ಐಡಾಹೋ ರಾಜ್ಯದ ಕೃಷಿಕರು 1945ರಲ್ಲಿ 460 ಎಕರೆ ಗೋದಿಗೆ ಸರಕಾರಿ ವಿಮೆ ಕೇಳಿದರು. ಅದರಲ್ಲಿ 400 ಎಕರೆ ಚಳಿಗಾಲದ ಬೆಳೆಯ ಜಾಗದಲ್ಲಿ ಮರುಬಿತ್ತನೆ ಮಾಡಿದ್ದೆಂದು ಸ್ಥಳೀಯ ಸಮಿತಿಗೆ ಬಾಯ್ದೆರೆಯಾಗಿ ತಿಳಿಸಿದರು. ಅಡ್ಡಿಯಿಲ್ಲ, ಪೂರ್ತಿ ಬೆಳೆಗೆ ವಿಮೆ ಸಿಗುತ್ತದೆ ಎಂದು ಸಮಿತಿ ಹೇಳಿತು. ಜುಲೈಯಲ್ಲಿ ಬರದಿಂದ ಬೆಳೆ ಒಣಗಿತು. ಆಗ ನಿಗಮವು, ಮರುಬಿತ್ತನೆಗೆ ವಿಮೆ ಇಲ್ಲವೆಂದು ಗೆಜೆಟಿನಲ್ಲಿ ಪ್ರಕಟವಾಗಿದೆಯಲ್ಲ ಎಂದಿತು. ಸುಪ್ರೀಂ ಕೋರ್ಟಿನಲ್ಲಿ ಐವರು ನ್ಯಾಯಾಧೀಶರು ನಿಗಮದ ಪರ, ನಾಲ್ವರು ಕೃಷಿಕರ ಪರ. ಸರಕಾರದೊಡನೆ ವ್ಯವಹರಿಸುವವನು ಪ್ರಕಟವಾದ ನಿಯಮವನ್ನು ತಿಳಿದಿರಲೇಬೇಕು, ಕಚೇರಿಯವರ ಬಾಯಿಮಾತು ಸರಕಾರವನ್ನು ಕಟ್ಟಿಹಾಕದು ಎಂಬುದು ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರ ಬಹುಮತದ ತೀರ್ಪು. ವಿಮೆ ಮಾಡಿಸುವ ಪ್ರತಿಯೊಬ್ಬ ರೈತನೂ ಗೆಜೆಟು ಓದಿರುತ್ತಾನೆಂದು ಎಣಿಸುವುದು ಅಸಂಬದ್ಧವೆಂದು ನ್ಯಾಯಮೂರ್ತಿ ಜಾಕ್ಸನ್ ಭಿನ್ನಮತ ಬರೆದರು. ನಮಗೆ ಜಾಕ್ಸನ್ ಅವರ ಮಾತೇ ಸರಿಯೆನ್ನಿಸುತ್ತದೆ. ಆದರೆ ಕಾನೂನಾಗಿ ಉಳಿದದ್ದು ಇನ್ನೊಂದು.

ಇದೇ ದೇಶ 1980ರಲ್ಲಿ ಬೇರೊಂದು ಕಾಯಿದೆ ಮಾಡಿತು. ಹೆಸರೇ ಕಾಗದಪತ್ರಗಳ ಹೊರೆ ಇಳಿಸುವ ಕಾಯಿದೆ. 1995ರಲ್ಲಿ ಅದನ್ನು ಬಲಪಡಿಸಲಾಯಿತು. ಕೇಂದ್ರ ಸರಕಾರದ ಯಾವುದೇ ಇಲಾಖೆ ಹತ್ತು ಮಂದಿಗಿಂತ ಕಡಿಮೆಯಲ್ಲದ ಜನರಿಗೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಬೇಕಾದರೆ, ಆ ನಮೂನೆಯ ಬಗ್ಗೆ ಗೆಜೆಟಿನಲ್ಲಿ ಪ್ರಕಟಿಸಿ 60 ದಿನ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಅನಂತರ ಬಜೆಟ್ ಕಚೇರಿಯ ಪರಿಶೀಲನೆ. ಆಗ ಮತ್ತೆ 30 ದಿನ. ಈ ಪ್ರಶ್ನೆ ಅಗತ್ಯವೇ? ತುಂಬಲು ಎಷ್ಟು ಹೊತ್ತು ಬೇಕೆಂಬ ಇಲಾಖೆಯ ಲೆಕ್ಕ ಸರಿಯೇ? ಇದನ್ನು ಇನ್ನೂ ಸ್ಪಷ್ಟ, ಇನ್ನೂ ಹಗುರ ಮಾಡಬಹುದೇ? ಇವು ಜನರ ಮುಂದಿಡುವ ವಿಚಾರಗಳು. ಒಪ್ಪಿಗೆ ಹೆಚ್ಚೆಂದರೆ ಮೂರು ವರ್ಷಕ್ಕೆ. ಒಪ್ಪಿಗೆಯ ಸಂಖ್ಯೆ ಹಾಳೆಯ ಮೇಲೆ ಅಚ್ಚಾಗಿರಬೇಕು. ಇಲ್ಲದಿದ್ದರೆ ತುಂಬಲಿಲ್ಲವೆಂದು ಯಾರನ್ನೂ ಶಿಕ್ಷಿಸುವಂತಿಲ್ಲ. ಪ್ರವಾಹ ವಿಮೆಯ ನಷ್ಟದ ನಮೂನೆಗಳೂ ಈ ದಾರಿಯಲ್ಲೇ ಹಾದುಬರುತ್ತವೆ. ಒಬ್ಬ ನೆರೆ ಸಂತ್ರಸ್ತ ಈ ಹಾಳೆ ತುಂಬಲು ಎಷ್ಟು ನಿಮಿಷ ಕಳೆಯುತ್ತಾನೆಂದು ಸರಕಾರ ಲೆಕ್ಕ ಒಪ್ಪಿಸಬೇಕಾಗಿರುವುದು ನಮ್ಮ ಕಡೆಯವರಿಗೆ ಕತೆಯಂತೆ ಕೇಳಿಸಬಹುದು.

ಹಾಗೆಂದು ಅಲ್ಲಿ ಎಲ್ಲವೂ ಸುಸೂತ್ರವೆಂದಲ್ಲ. ಅಭಿಪ್ರಾಯ ಕೇಳುವ ಪ್ರಕಟಣೆಯೂ ಬರುವುದು ಅದೇ ಗೆಜೆಟಿನಲ್ಲಿ. ಜಾಕ್ಸನ್ ಅವರ ರೈತ ಅದನ್ನು ಇಂದಿಗೂ ಓದುವುದಿಲ್ಲ. ಒಂದೂ ಅಭಿಪ್ರಾಯ ಬಾರದೆ ಅವಧಿ ಮುಗಿಯುವುದು ಅಪರೂಪವಲ್ಲ. ನಿಜವಾದ ತಿದ್ದುಪಡಿಗಳು ಬಂದದ್ದು ಜನ ಬೀದಿಯಲ್ಲಿ, ಶಾಸಕಾಂಗದಲ್ಲಿ ಗಲಾಟೆ ಎಬ್ಬಿಸಿದಾಗ. 2003ರ ಇಸಬೆಲ್ ಚಂಡಮಾರುತದ ಸಂತ್ರಸ್ತರು ಪರಿಹಾರ ಸಾಲದೆಂದು ಹಟ ಹಿಡಿದುದರಿಂದ 2004ರಲ್ಲಿ ಹೊಸ ಕಾನೂನು ಬಂತು. ಪಾಲಿಸಿಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಸರಳ ಭಾಷೆಯಲ್ಲಿ ಹೇಳುವ ಹಾಳೆ, ಕೈಪಿಡಿ, ಮೇಲ್ಮನವಿಯ ಕ್ರಮ, ಇವು ಅದರ ಫಲ. 2012ರ ಸ್ಯಾಂಡಿಯ ಬಳಿಕ ಇಂಜಿನಿಯರುಗಳ ವರದಿಗಳನ್ನೇ ತಿದ್ದಲಾಗಿದೆಯೆಂಬ ಆಪಾದನೆ ಎದ್ದು, 2015ರಲ್ಲಿ ಸುಮಾರು 1 ಲಕ್ಷ 42 ಸಾವಿರ ಮಂದಿಗೆ ನಿಮ್ಮ ಕಡತ ಮತ್ತೆ ತೆರೆಯಬೇಕೇ ಎಂದು ಪತ್ರ ಬರೆಯಬೇಕಾಯಿತು. ಕೇಳುವ ಪದ್ಧತಿ ಇದ್ದರೆ ಸಾಲದು, ಕೇಳಿದ್ದು ಕಿವಿಗೆ ಬೀಳುವಂತಿರಬೇಕು.

ಇನ್ನು ನಮ್ಮ ಕಡೆಗೆ. ಸಂವಿಧಾನದ 350ನೇ ವಿಧಿಯಂತೆ ಯಾವ ನಾಗರಿಕನೂ ತನ್ನ ಕುಂದುಕೊರತೆಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗೂ ಬರೆದುಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಗೆ ಆಮೇಲೆ ಸೇರಿಸಿದ ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ನಡೆಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿತು. ಇವೆರಡೂ ನಮ್ಮ ಹಿರಿಯರು ಹೋರಾಡಿ ಉಳಿಸಿಕೊಂಡ ಆಧಾರಗಳು. ಆದರೆ ಓದುಗರು ಗಮನಿಸಬೇಕು: ಎರಡೂ ಹೇಳುವುದು ನಾವು ಬರೆಯುವುದರ ಬಗ್ಗೆ, ಅವರು ಉತ್ತರಿಸುವುದರ ಬಗ್ಗೆ. ನಮೂನೆ ಎಂಬುದು ಪತ್ರವಲ್ಲ. ಅಲ್ಲಿ ಮೊದಲು ಮಾತಾಡುವುದು ಸರಕಾರ. ಕೇಳುವುದು ಅದು, ಉತ್ತರಿಸಬೇಕಾದವರು ನಾವು. ಪ್ರಶ್ನೆಯೇ ಅರ್ಥವಾಗದವನು ಉತ್ತರವನ್ನು ಯಾವ ಭಾಷೆಯಲ್ಲಿ ಬರೆದರೇನು?

ಹೆತ್ತವರು ಇಂಥ ಹಾಳೆಗಳನ್ನು ಹಿಡಿದು ಶಾಲೆಗೆ ಬರುವುದು ನಮಗೆ ಹೊಸದಲ್ಲ. ಮಲಯಾಳ ಮಾತಾಡಲು ಬಲ್ಲವರೂ ಅದರ ಕಚೇರಿ ಭಾಷೆಯ ಮುಂದೆ ತಡವರಿಸುತ್ತಾರೆ. ಹೆಸರಿನ ತೊಡಕು ಇನ್ನೊಂದು. ತುಳು, ಕನ್ನಡ ಹೆಸರು ಆಧಾರ್ ಕಾರ್ಡಿನಲ್ಲಿ ಒಂದು ಬಗೆ, ಭೂತೆರಿಗೆ ರಶೀದಿಯಲ್ಲಿ ಮಲಯಾಳ ಅಕ್ಷರಕ್ಕೆ ಹೋಗಿ ಮತ್ತೊಂದು ಬಗೆ, ಬ್ಯಾಂಕ್ ಪುಸ್ತಕದಲ್ಲಿ ಮೂರನೆಯದು. ಮನುಷ್ಯ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

2018ರ ಆಗಸ್ಟಿನ ಮಹಾಪ್ರವಾಹದ ಬಳಿಕ ರಾಜ್ಯದಲ್ಲಿ ಮನೆಗಳ ಹಾನಿಯನ್ನು ಆ್ಯಪ್ ಹಿಡಿದ ಸ್ವಯಂಸೇವಕರು ದಾಖಲಿಸಿದರು. ಅದು ವಿಮೆಯಲ್ಲ, ಪರಿಹಾರ. ಆದರೂ ಪಾಠ ಒಂದೇ. ಶೇ. 30ರಿಂದ 59ರ ಹಾನಿಗೆ ಒಂದೂಕಾಲು ಲಕ್ಷ, 60 ದಾಟಿದರೆ ಎರಡೂವರೆ ಲಕ್ಷ, 75 ಮೀರಿದರೆ ನಾಲ್ಕು ಲಕ್ಷ ರೂಪಾಯಿ. ಗೋಡೆಯ ಬಿರುಕನ್ನು ನೋಡಿ 59 ಎಂದು ಬರೆದರೋ 60 ಎಂದು ಬರೆದರೋ ಎಂಬುದರ ಮೇಲೆ ಹಣ ಇಮ್ಮಡಿಯಾಗುತ್ತಿತ್ತು. ಮರುಪರಿಶೀಲನೆಯ ಅರ್ಜಿಗಳು ಹೇರಳವಾಗಿ ಬಂದುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಅಮೆರಿಕದ ಕಾಯಿದೆಯಂಥದು ನಮ್ಮಲ್ಲಿ ಬರುವವರೆಗೆ ಕಾಯಬೇಕಾಗಿಲ್ಲ. ಕೇರಳ ಪಂಚಾಯತ್ ರಾಜ್ ಕಾಯಿದೆಯಂತೆ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನದ ಅಂಗಳಕ್ಕೆ ನೀರು ಬಂದಾಗ ಛಾಯಾಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಆ ಹೊಳೆಯ ಆಚೀಚೆಯ ಗದ್ದೆಗಳ ಲೆಕ್ಕ ಬರುವುದಿಲ್ಲ. ಏಣೆಲು ನೇಜಿ ನೆಡುವ ಮೊದಲು ನಡೆಯುವ ಗ್ರಾಮಸಭೆಯಲ್ಲಿ ಮೂರು ವಿಷಯಗಳನ್ನು ಠರಾವಾಗಿ ಬರೆಯಿಸಿಕೊಳ್ಳಬೇಕೆಂದು ನಮ್ಮ ಸೂಚನೆ. ನಮ್ಮ ಪಂಚಾಯತಿಗೆ ಮುಳುಗಡೆಯ ವಿಮೆ ಅಧಿಸೂಚಿತವಾಗಿದೆಯೇ ಎಂಬುದಕ್ಕೆ ಕೃಷಿಭವನದಿಂದ ಲಿಖಿತ ಉತ್ತರ; ನಮೂನೆ ಮತ್ತು ಸೂಚನೆಗಳ ಕನ್ನಡ ಪ್ರತಿ ಕೃಷಿಭವನದ ಹಲಗೆಯಲ್ಲಿ; ಆ್ಯಪ್ ನಡೆಯದ ದಿನ ದೂರನ್ನು ಕಾಗದದಲ್ಲಿ ಪಡೆದು ತಾರೀಕು, ಗಂಟೆ ಹಾಕಿದ ರಶೀದಿ ಕೊಡುವ ವ್ಯವಸ್ಥೆ. ಬಾಯ್ದೆರೆ ಭರವಸೆ ಬೇಡ. ಐಡಾಹೋದವರಿಗೂ ಅದು ಸಿಕ್ಕಿತ್ತು. ಯೋಜನೆಯ ಸಹಾಯವಾಣಿ 14447. ನಮ್ಮವರು ಅದಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಿ, ಏನು ಉತ್ತರ ಬಂತೆಂಬುದನ್ನು ಈ ಪತ್ರಿಕೆಗೆ ಬರೆದರೆ ಪ್ರಕಟಣೆಗೆ ಯೋಗ್ಯವಾದ ಸುದ್ದಿಯಾದೀತು.