ದೇವಾಲಯದ ಗೇಟಿಗೆ ಬಂದ ಶುಲ್ಕದ ಪ್ರಶ್ನೆ

ವಿದ್ಯಾರ್ಥಿಗಳ ಚಳವಳಿ ಎಂದೊಡನೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, ‘ಓದಲು ಕಳುಹಿಸಿದ ಮಕ್ಕಳಿಗೆ ಬೀದಿಯಲ್ಲೇನು ಕೆಲಸ’ ಎಂಬುದು. ಹೆತ್ತವರ ಈ ಆತಂಕವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದಕ್ಷಿಣ ಆಫ್ರಿಕದಲ್ಲಿ 2015 ಮತ್ತು 2016ರಲ್ಲಿ ನಡೆದ ಶುಲ್ಕವಿರೋಧಿ ಹೋರಾಟವು ಒಂದು ಕಥೋಲಿಕ ದೇವಾಲಯದ ಗೇಟಿನವರೆಗೆ ಬಂದು ನಿಂತ ಬಗೆಯನ್ನು ಬಲ್ಲವರು ಆ ಮಾತನ್ನು ಅಷ್ಟು ಸುಲಭವಾಗಿ ಆಡಿ ಮುಗಿಸಲಾರರು.

ಜೊಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯವು 2016ನೇ ಸಾಲಿಗೆ ಶೇಕಡಾ 10.5ರಷ್ಟು ಶುಲ್ಕ ಏರಿಸಲು ಹೊರಟಾಗ, 2015ರ ಅಕ್ಟೋಬರ್ 14ರಂದು ಅಲ್ಲಿನ ವಿದ್ಯಾರ್ಥಿಗಳು ಪ್ರವೇಶದ್ವಾರಗಳಿಗೆ ಅಡ್ಡ ಕುಳಿತರು. ವಾರ ಕಳೆಯುವುದರೊಳಗೆ ಅದು ದೇಶದ ಚಳವಳಿಯಾಯಿತು. 21ರಂದು ಕೇಪ್‌ಟೌನಿನಲ್ಲಿ ಹಣಕಾಸು ಸಚಿವರು ಮಧ್ಯಾವಧಿ ಮುಂಗಡಪತ್ರ ಮಂಡಿಸುತ್ತಿದ್ದಾಗ ವಿದ್ಯಾರ್ಥಿಗಳು ಸಂಸತ್ತಿನ ಆವರಣಕ್ಕೇ ನುಗ್ಗಿದರು. 23ರಂದು ಪ್ರಿಟೋರಿಯಾದಲ್ಲಿ ಸಾವಿರಾರು ಮಂದಿ ನೆರೆದಿರಲು, ಮುಂದಿನ ವರ್ಷ ಶುಲ್ಕ ಏರುವುದಿಲ್ಲವೆಂದು ಅಧ್ಯಕ್ಷ ಜೇಕಬ್ ಜುಮಾ ಘೋಷಿಸಬೇಕಾಯಿತು.

ವಿಶ್ವವಿದ್ಯಾಲಯಗಳ ದುರಾಸೆಯೇ ಇದಕ್ಕೆಲ್ಲ ಕಾರಣವೆಂದು ತೀರ್ಪಿತ್ತರೆ ಅನ್ಯಾಯವಾದೀತು. ವರ್ಣಭೇದ ನೀತಿ ಅಳಿದ 1994ರಲ್ಲಿ ಸುಮಾರು 5 ಲಕ್ಷವಿದ್ದ ವಿದ್ಯಾರ್ಥಿಗಳ ಸಂಖ್ಯೆ ಎರಡು ದಶಕಗಳಲ್ಲಿ ಇಮ್ಮಡಿಯ ಸಮೀಪಕ್ಕೆ ಬಂದಿತ್ತು. ಬಾಗಿಲು ತೆರೆದ ಸರ್ಕಾರ ಬೊಕ್ಕಸವನ್ನು ಅದೇ ಅಳತೆಯಲ್ಲಿ ತೆರೆಯಲಿಲ್ಲ. 2000ದಲ್ಲಿ ವಿಶ್ವವಿದ್ಯಾಲಯಗಳ ಆದಾಯದಲ್ಲಿ ಶೇಕಡಾ 49ರಷ್ಟಿದ್ದ ಸರ್ಕಾರದ ಪಾಲು 2012ರ ವೇಳೆಗೆ ಸುಮಾರು 40ಕ್ಕೆ ಇಳಿಯಿತು. ಶುಲ್ಕದ ಪಾಲು 24ರಿಂದ 31ಕ್ಕೆ ಏರಿತು. ಉಚ್ಚ ಶಿಕ್ಷಣದ ಅನುದಾನಕ್ಕೆ ಕತ್ತರಿ ಹಾಕಿದ್ದೇವೆಂದು ಸಾರಿ ಹೇಳುವ ಅಗತ್ಯ ಯಾವ ಸಚಿವರಿಗೂ ಬರಲಿಲ್ಲ. ಸರ್ಕಾರ ಕೈ ಹಿಂದೆಗೆದಷ್ಟೂ ತಂದೆತಾಯಿಯರ ಕೈ ಜೇಬಿಗೆ ಹೋಯಿತು. ಸದ್ದಿಲ್ಲದ ಈ ಕಡಿತ ನಮಗೆ ಬಹಿರಂಗವಾದ ಕಡಿತಕ್ಕಿಂತ ಕೆಟ್ಟದ್ದಾಗಿ ತೋರುತ್ತದೆ.

ಪೆಟ್ಟು ತಿಂದವರು ಕಡುಬಡವರು ಮಾತ್ರವಲ್ಲ. ವಾರ್ಷಿಕ ಆದಾಯ 1,22,000 ರ‍್ಯಾಂಡ್ ದಾಟಿದ ಕುಟುಂಬದ ಮಕ್ಕಳಿಗೆ ಸರ್ಕಾರಿ ನೆರವು ನಿಧಿಯ ಬಾಗಿಲು ಮುಚ್ಚಿತ್ತು. ನೆರವು ಬೇಡಲು ತುಸು ಹೆಚ್ಚು, ಶುಲ್ಕ ಕಟ್ಟಲು ತೀರಾ ಕಡಿಮೆ ಎಂಬಂಥ ಸಂಬಳದ ಮನೆಗಳವು. ಇಂಥ ಮನೆಗಳು ಹೇಗಿರುತ್ತವೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮ ಯುವಜನ ಸಂಘಗಳು ವಿಶೇಷವಾಗಿ ಗಮನಿಸಬೇಕು. ತಮ್ಮ ಶುಲ್ಕದ ಜೊತೆಗೆ ಆ ವಿದ್ಯಾರ್ಥಿಗಳು ಕಸ ಗುಡಿಸುವವರ, ಕಾವಲುಗಾರರ ಪರವಾಗಿಯೂ ಕೂಗಿದರು. ಗುತ್ತಿಗೆದಾರರ ಕೈಕೆಳಗೆ ಅಲ್ಪ ಕೂಲಿಗೆ ದುಡಿಯುತ್ತಿದ್ದ ಅವರನ್ನು ವಿಶ್ವವಿದ್ಯಾಲಯವೇ ನೇಮಿಸಿಕೊಳ್ಳಲಿ ಎಂದರು. ವಿಟ್‌ವಾಟರ್ಸ್‌ರ‍್ಯಾಂಡ್, ಕೇಪ್‌ಟೌನ್ ವಿಶ್ವವಿದ್ಯಾಲಯಗಳು ಆ ವರ್ಷವೇ ಇದಕ್ಕೆ ಒಪ್ಪಿದವು. ತನ್ನ ಶುಲ್ಕಕ್ಕಾಗಿ ಹೋರಾಡುವುದು ಸಹಜ. ತನ್ನ ತರಗತಿಯ ನೆಲ ಒರೆಸುವ ತಾಯಿಯ ಸಂಬಳಕ್ಕಾಗಿ ಹೋರಾಡುವುದನ್ನು ಯಾವ ಪಠ್ಯಪುಸ್ತಕ ಕಲಿಸೀತು?

2016ರಲ್ಲಿ ಹೋರಾಟದ ಮುಖ ಕಪ್ಪಿಟ್ಟಿತು. ಸೆಪ್ಟೆಂಬರ್ ಆರಂಭದಲ್ಲಿ ಪ್ರತಿಭಟನೆಗಳ ನಡುವೆ ಡರ್ಬನ್ನಿನ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯವು ಬೆಂಕಿಗೆ ಆಹುತಿಯಾಯಿತು. ಪುಸ್ತಕ ಕೊಳ್ಳಲಾರದ ಬಡ ವಿದ್ಯಾರ್ಥಿಗೆ ಗ್ರಂಥಾಲಯವೊಂದೇ ಆಸರೆ. ಅದನ್ನು ಸುಡುವವನು ಯಾರ ಪರವಾಗಿಯೂ ಹೋರಾಡುತ್ತಿಲ್ಲ. ಈ ಮಾತನ್ನು ನಾವು ಮುಲಾಜಿಲ್ಲದೆ ಹೇಳುತ್ತೇವೆ. ಹಾಗೆಂದು ಆ ಬೂದಿಯನ್ನು ತೋರಿಸಿ ಶುಲ್ಕದ ಪ್ರಶ್ನೆಯನ್ನೇ ಮುಚ್ಚಿಹಾಕುವುದೂ ಪ್ರಾಮಾಣಿಕತೆಯಲ್ಲ. 2017ಕ್ಕೆ ಶೇಕಡಾ 8ರವರೆಗೆ ಶುಲ್ಕ ಏರಿಸಬಹುದೆಂದು ಸರ್ಕಾರ ಅದೇ ತಿಂಗಳು ಪ್ರಕಟಿಸಿದಾಗ ವಿದ್ಯಾರ್ಥಿಗಳು ಮತ್ತೆ ಬೀದಿಗಿಳಿದರು.

ಅಕ್ಟೋಬರ್ 10ರಂದು ಜೊಹಾನ್ಸ್‌ಬರ್ಗಿನಲ್ಲಿ ಪೊಲೀಸರು ಅಶ್ರುವಾಯು, ರಬ್ಬರ್ ಗುಂಡುಗಳಿಂದ ವಿದ್ಯಾರ್ಥಿಗಳನ್ನು ಚದುರಿಸಿದರು. ಅನೇಕರು ವಿಶ್ವವಿದ್ಯಾಲಯದ ಪಕ್ಕದ ಬ್ರಾಮ್‌ಫಾಂಟೇನ್ ಬಡಾವಣೆಯ ಪರಮ ತ್ರಿತ್ವ ದೇವಾಲಯದಲ್ಲಿ ಆಶ್ರಯ ಪಡೆದರು. ಪೊಲೀಸರ ಕವಚವಾಹನ ಒಳಬರದಂತೆ ಯೇಸುಸಭೆಯ ಗುರು ಫಾದರ್ ಗ್ರಹಾಂ ಪ್ಯೂಜಿನ್ ಗೇಟಿನಲ್ಲಿ ನಿಂತರು. ರಬ್ಬರ್ ಗುಂಡೊಂದು ಅವರ ಮುಖಕ್ಕೆ ಬಡಿಯಿತು. ಬಾಯಿಂದ ನೆತ್ತರು ಸುರಿಯುತ್ತಿದ್ದ ಗುರುಗಳ ಚಿತ್ರವನ್ನು ಮರುದಿನ ಜಗತ್ತೇ ಕಂಡಿತು.

ಆ ನಾಡಿನ ಕಥೋಲಿಕರಿಗೆ ಇಂಥ ದೃಶ್ಯ ಹೊಸದಲ್ಲ. 1976ರ ಜೂನ್ 16ರಂದು ಸೊವೆಟೊದಲ್ಲಿ ಶಾಲಾಮಕ್ಕಳ ಮೇಲೆ ಗುಂಡು ಹಾರಿದಾಗ, ಓಡಿದ ಮಕ್ಕಳನ್ನು ರೆಜಿನಾ ಮುಂಡಿ ದೇವಾಲಯ ಒಳಗೆ ಕರೆದುಕೊಂಡಿತು. ಪೊಲೀಸರು ಒಳನುಗ್ಗಿ ಗುಂಡು ಹಾರಿಸಿದರು. ಅದರ ಗುರುತುಗಳು ಇಂದಿಗೂ ಅಲ್ಲಿವೆ. ಆದರೆ ಅಂದಿನದು ವರ್ಣಭೇದದ ಸರ್ಕಾರ. 2016ರದ್ದು ಜನರೇ ಆರಿಸಿದ್ದು.

ಆಶ್ರಯ ಬೇಡಿ ಬಂದವರಲ್ಲಿ ಕಲ್ಲೆಸೆದವರೂ ಇದ್ದಿರಬಹುದಲ್ಲವೇ ಎಂದು ಕೆಲವರು ಕೇಳಿಯಾರು. ಇದ್ದಿರಬಹುದು. ಗಾಯಗೊಂಡು ಓಡಿಬಂದ ಹುಡುಗನ ಬೇಡಿಕೆಪಟ್ಟಿಯನ್ನು ಓದಿ, ಒಪ್ಪಿಗೆಯಾದ ಮೇಲೆ ಗೇಟು ತೆರೆಯುವ ಪದ್ಧತಿ ಧರ್ಮಸಭೆಯಲ್ಲಿಲ್ಲ. ತಪ್ಪು ಮಾಡಿದವನಿಗೆ ನ್ಯಾಯಾಲಯವಿದೆ. ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಒಮ್ಮೆಯಾದರೂ ಕುಳಿತು ಚರ್ಚಿಸಲಿ: ನಮ್ಮ ಗೇಟಿಗೆ ಇಂಥ ಮಕ್ಕಳು ಬಂದರೆ ನಾವು ಬೀಗದ ಕೈ ಹುಡುಕುವುದು ತೆರೆಯುವುದಕ್ಕೋ, ಮುಚ್ಚುವುದಕ್ಕೋ?

2017ರ ಡಿಸೆಂಬರ್ 16ರಂದು, ಸಾಲವನ್ನೇ ಶಿಫಾರಸು ಮಾಡಿದ್ದ ವಿಚಾರಣಾ ಆಯೋಗದ ವರದಿಯನ್ನು ಬದಿಗಿಟ್ಟು, ವಾರ್ಷಿಕ ಆದಾಯ 3,50,000 ರ‍್ಯಾಂಡ್ ಮೀರದ ಕುಟುಂಬಗಳ ಮಕ್ಕಳಿಗೆ ಮರುವರ್ಷದಿಂದ ಹಂತಹಂತವಾಗಿ ಉಚಿತ ಶಿಕ್ಷಣವನ್ನು ಜುಮಾ ಘೋಷಿಸಿದರು. ಆ ಮಿತಿಯನ್ನು ತುಸುವೇ ದಾಟಿದ ಮನೆಗಳು ಹೊರಗುಳಿದವು.