ನಲವತ್ತಾರರಲ್ಲಿ ರೋಯಿಂಗ್ ಕ್ಲಬ್ ಸೇರಬಹುದೇ? ಮೂರು ಫಾರ್ವರ್ಡ್‌ಗಳ ಸತ್ಯಾಸತ್ಯತೆ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೆಲಸಕ್ಕಿರುವ ಓದುಗರೊಬ್ಬರು ನಮಗೆ ಮೂರು ಫಾರ್ವರ್ಡ್‌ಗಳನ್ನು ಕಳಿಸಿ, ನಿಜ ಯಾವುದು ಎಂದು ಕೇಳಿದ್ದಾರೆ. ಅವರಿಗೆ 46 ವರ್ಷ, ಬಿಪಿ ಸ್ವಲ್ಪ ಜಾಸ್ತಿ. ದಿನಾ ಸಂಜೆ ಥೇಮ್ಸ್ ದಂಡೆಯಲ್ಲಿ ವಾಕಿಂಗ್ ಹೋಗುವಾಗ ಉದ್ದನೆಯ ತೆಳ್ಳಗಿನ ದೋಣಿಗಳು ಸಾಗುವುದನ್ನು ನೋಡಿ ಆಸೆಯಾಗಿದೆ. ಅಲ್ಲಿನ ಕ್ಲಬ್ಬುಗಳು ವಯಸ್ಕರಿಗೆಂದೇ ಕಲಿಕೆಯ ಕೋರ್ಸ್ ನಡೆಸುತ್ತವೆ. ಸೇರೋಣ ಎಂದು ಮನೆಯವರ ಗ್ರೂಪಿನಲ್ಲಿ ಹೇಳಿದ್ದೇ ತಡ, ಫಾರ್ವರ್ಡ್‌ಗಳು ಶುರುವಾದವು.

ಮೊದಲನೆಯದು: "ರೋಯಿಂಗ್‌ನಲ್ಲಿ ದೇಹದ ಶೇ. 86ರಷ್ಟು ಸ್ನಾಯುಗಳು ಕೆಲಸ ಮಾಡುತ್ತವೆ, ಗಂಟೆಗೆ 1000 ಕ್ಯಾಲೊರಿ ಕರಗುತ್ತದೆ." ಎರಡನೆಯದು: "ಇದು ತೋಳುಬಲದ ಆಟ. ನಲವತ್ತು ದಾಟಿದವರು ಮಾಡಿದರೆ ಸೊಂಟ ಹೋಗುತ್ತದೆ." ಮೂರನೆಯದು ಊರಿನಿಂದ ಅವರ ಭಾವ ಕಳಿಸಿದ ವಾಯ್ಸ್ ಮೆಸೇಜು: "ನೀರಿನ ಸಹವಾಸ ಬೇಡ ಮಾರಾಯ, ಈಜು ಬಂದರೂ ಆ ತಣ್ಣೀರಿನಲ್ಲಿ ಉಪಯೋಗಕ್ಕೆ ಬರೋದಿಲ್ಲ."

ಮೂರನ್ನೂ ಪರಿಶೀಲಿಸಿದ ಮೇಲೆ ನಮಗೆ ಅನಿಸಿದ್ದು: ಸೇರಬಹುದು. ಆದರೆ ಮೂರರಲ್ಲಿ ಸತ್ಯಕ್ಕೆ ಹೆಚ್ಚು ಹತ್ತಿರ ಇರುವುದು ಭಾವನ ಮಾತು.

ಇದು ತೋಳಿನ ಆಟವೇ?

ಕನ್ನಡದಲ್ಲಿ ಹರಿಗೋಲು ನಡೆಸುವ ಕೋಲಿಗೂ, ದೋಣಿಗೆ ಕಟ್ಟಿ ಎಳೆಯುವ ಕೋಲಿಗೂ ಹುಟ್ಟು ಎಂದೇ ಹೆಸರು. ಗೊಂದಲ ಇಲ್ಲಿಂದಲೇ ಶುರು. ಹಂಪಿಯ ಹರಿಗೋಲಿನಲ್ಲಾಗಲಿ ಕೇರಳದ ಓಣಂ ದೋಣಿ ಸ್ಪರ್ಧೆಯಲ್ಲಾಗಲಿ ಹುಟ್ಟು ಹಾಕುವವರು ಮುಂದಕ್ಕೆ ಮುಖ ಮಾಡಿರುತ್ತಾರೆ, ಹುಟ್ಟು ಕೈಯಲ್ಲಷ್ಟೇ ಇರುತ್ತದೆ. ಅಲ್ಲಿ ತೋಳು, ಭುಜ, ನಡು ಮುಖ್ಯ. ರೋಯಿಂಗ್‌ನಲ್ಲಿ ಹುಟ್ಟನ್ನು ದೋಣಿಯ ಅಂಚಿನಾಚೆ ಚಾಚಿದ ಒಂದು ಕೊಂಡಿಗೆ ಸಿಕ್ಕಿಸಿರುತ್ತಾರೆ. ಕುಳಿತವರು ಹೋಗುವ ದಿಕ್ಕಿಗೆ ಬೆನ್ನು ಹಾಕಿರುತ್ತಾರೆ. ಪಾದಗಳನ್ನು ಒಂದು ಹಲಗೆಗೆ ಬಿಗಿದಿರುತ್ತಾರೆ, ಕೂರುವ ಸೀಟಿಗೆ ಚಕ್ರಗಳಿದ್ದು ಅದು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ.

ಸೀಟು ಜಾರುವುದು ಏಕೆ? ಮೊಣಕಾಲು ಮಡಚಿ ಮುಂದೆ ಬಂದು, ಕಾಲಿನಿಂದ ಹಲಗೆಯನ್ನು ಒದ್ದು ಹಿಂದೆ ಹೋಗಲು. ದೋಣಿಯನ್ನು ನೂಕುವ ಬಲದ ದೊಡ್ಡ ಪಾಲು ಈ ಒದೆತದಿಂದ ಬರುತ್ತದೆ. ಆಮೇಲೆ ಮುಂಡ ಹಿಂದಕ್ಕೆ ವಾಲುತ್ತದೆ. ತೋಳು ಮಡಚುವುದು ಕಟ್ಟಕಡೆಗೆ. ಕಾಲು, ಬೆನ್ನು, ಕೈ. ವಾಪಸ್ ಬರುವಾಗ ಕೈ, ಬೆನ್ನು, ಕಾಲು. ಹೊಸಬರಿಗೆ ಮೊದಲ ತಿಂಗಳು ಕೋಚ್ ಹೇಳಿಕೊಡುವುದು ಹೆಚ್ಚುಕಡಿಮೆ ಇಷ್ಟನ್ನೇ. ಜಿಮ್‌ನಲ್ಲಿ ಮೈ ಬೆಳೆಸಿದವರು ಮೊದಲ ದಿನ ತೋಳಿನಿಂದ ಎಳೆದು ಹತ್ತೇ ನಿಮಿಷದಲ್ಲಿ ಸುಸ್ತಾಗುವುದು ಎಲ್ಲ ಕ್ಲಬ್ಬುಗಳಲ್ಲೂ ಕಾಣುವ ದೃಶ್ಯ.

ಶೇ. 86ರ ವಿಷಯಕ್ಕೆ ಬಂದರೆ, ಕಾಲಿನಿಂದ ಹೆಗಲಿನವರೆಗೆ ದೊಡ್ಡ ಸ್ನಾಯುಗಳೆಲ್ಲ ಸರದಿಯಂತೆ ಕೆಲಸ ಮಾಡುವುದು ನಿಜ. ಆದರೆ ದೇಹದಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ, ಅದರಲ್ಲಿ ಮುಖದವು, ಕಣ್ಣಿನವು, ಕಿವಿಯವೂ ಸೇರಿವೆ. 86 ಎಂಬುದು ಎಣಿಕೆಯೋ, ತೂಕವೋ ಎಂದು ಫಾರ್ವರ್ಡ್ ಹೇಳುವುದಿಲ್ಲ. ಅದನ್ನು ಬದಿಗಿಡುವುದೇ ಒಳ್ಳೆಯದು.

ಸಾವಿರ ಕ್ಯಾಲೊರಿಯ ಲೆಕ್ಕ

ಇದನ್ನು ನಾವೇ ಲೆಕ್ಕ ಹಾಕಿ ನೋಡಬಹುದು. ಹೆಚ್ಚಿನ ಕ್ಲಬ್ಬುಗಳಲ್ಲಿರುವುದು ಕಾನ್ಸೆಪ್ಟ್ 2 ಕಂಪನಿಯ ರೋಯಿಂಗ್ ಯಂತ್ರ. ಅದರ ಪರದೆ ಕ್ಯಾಲೊರಿ ತೋರಿಸುವ ಸೂತ್ರವನ್ನು ಕಂಪನಿಯೇ ಪ್ರಕಟಿಸಿದೆ: ನೀವು ಹಾಕುವ ಶಕ್ತಿಯನ್ನು (ವ್ಯಾಟ್‌ನಲ್ಲಿ) ಸುಮಾರು 3.44ರಿಂದ ಗುಣಿಸಿ 300 ಕೂಡಿಸಿದರೆ ಗಂಟೆಯ ಕ್ಯಾಲೊರಿ. 1000 ಬರಬೇಕಾದರೆ ಸುಮಾರು 203 ವ್ಯಾಟ್ ಬೇಕು. ಅಂದರೆ 500 ಮೀಟರಿಗೆ 2 ನಿಮಿಷದ ವೇಗ. ಅದೇ ವೇಗದಲ್ಲಿ ಒಂದು ಗಂಟೆ, ನಡುವೆ ನಿಲ್ಲದೆ, ಒಟ್ಟು 15 ಕಿಲೋಮೀಟರ್! ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ಇದು ಆಗುವ ಕೆಲಸ. ಹೊಸಬರಿಗೆ ಐದು ನಿಮಿಷವೇ ಕಷ್ಟ.

ಹೊಸಬರು 500 ಮೀಟರಿಗೆ ಎರಡೂವರೆ ನಿಮಿಷದಂತೆ ಸಾಗಿದರು ಎನ್ನೋಣ. ಆಗ ಶಕ್ತಿ ಕೇವಲ 104 ವ್ಯಾಟ್. ಮೂವತ್ತು ಸೆಕೆಂಡ್ ಕಡಿಮೆ ಮಾಡಲು ಶಕ್ತಿ ಹತ್ತಿರಹತ್ತಿರ ಎರಡರಷ್ಟು ಆಗಬೇಕು. ಏಕೆಂದರೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ನೀರಿನ ಮೇಲೂ ಸುಮಾರಾಗಿ ಇದೇ ಕತೆ. ಈ ನಿಧಾನದ ವೇಗಕ್ಕೆ ಯಂತ್ರ ತೋರಿಸುವುದು ಗಂಟೆಗೆ ಸುಮಾರು 657 ಕ್ಯಾಲೊರಿ. ಅದೂ ನಿಮ್ಮ ತೂಕ ಸುಮಾರು 79 ಕಿಲೋ ಎಂದು ಅದೇ ಊಹಿಸಿಕೊಂಡು. 60 ಕಿಲೋದವರಾದರೆ ಅದೇ ಕಂಪನಿಯ ತಿದ್ದುಪಡಿಯಂತೆ ಗಂಟೆಗೆ ಎಪ್ಪತ್ತಕ್ಕೂ ಹೆಚ್ಚು ಕಳೆಯಬೇಕು. ಒಳ್ಳೆಯ ವ್ಯಾಯಾಮವೇ, ಆದರೆ ಫಾರ್ವರ್ಡ್ ಹೇಳಿದಷ್ಟು ಅಲ್ಲ.

ಯಂತ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಗುರುತಿರುವ ಒಂದು ಹಿಡಿಕೆ ಇರುತ್ತದೆ. 10ಕ್ಕೆ ಇಟ್ಟರೆ ಹೆಚ್ಚು ವ್ಯಾಯಾಮ ಎಂದು ಬಹಳ ಜನ ನಂಬಿದ್ದಾರೆ. ಅದು ಚಕ್ರದೊಳಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಮುಚ್ಚಳ ಅಷ್ಟೇ. ಸೈಕಲ್ಲಿನ ಗೇರ್ ಇದ್ದಂತೆ. ಅನುಭವಿಗಳೇ ಸಾಮಾನ್ಯವಾಗಿ 3ರಿಂದ 5ರ ನಡುವೆ ಇಟ್ಟುಕೊಳ್ಳುತ್ತಾರೆ. ಹೊಸಬರು 10ಕ್ಕೆ ಇಟ್ಟು ಎಳೆದು ಸೊಂಟ ಹಿಡಿದುಕೊಂಡು, ಆಮೇಲೆ ಎರಡನೇ ಫಾರ್ವರ್ಡ್ ನಂಬುತ್ತಾರೆ.

ಸೊಂಟ, ಬಿಪಿ, ವಯಸ್ಸು

ರೋಯಿಂಗ್ ಮಾಡುವವರಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಕೆಳಬೆನ್ನಿನ ನೋವು ಎಂಬುದು ನಿಜ. ಆದರೆ ಅದು ನಲವತ್ತು ದಾಟಿದವರಿಗಷ್ಟೇ ಬರುವುದಲ್ಲ, ಇಪ್ಪತ್ತರ ಹುಡುಗರಿಗೂ ಬರುತ್ತದೆ. ಬೆನ್ನು ಗೂನು ಮಾಡಿ ಮುಂದಕ್ಕೆ ಚಾಚುವುದು, ಸುಸ್ತಾದ ಮೇಲೂ ಎಳೆಯುತ್ತಲೇ ಇರುವುದು, ಒಂದೇ ವಾರದಲ್ಲಿ ಅಭ್ಯಾಸ ದುಪ್ಪಟ್ಟು ಮಾಡುವುದು ಇದಕ್ಕೆ ದಾರಿ. ಇನ್ನೊಂದು ಕಾರಣವನ್ನು ಯಾರೂ ಹೇಳುವುದಿಲ್ಲ: ದೋಣಿ ಹೊರುವುದು. ಎಂಟು ಜನರ ಸ್ಪರ್ಧಾ ದೋಣಿ 17 ಮೀಟರಿಗಿಂತ ಉದ್ದ, ನಿಯಮದಂತೆ ಕನಿಷ್ಠ 96 ಕಿಲೋ. ಎಂಟು ಜನ ಸೇರಿ ತಲೆಯ ಮೇಲಕ್ಕೆ ಎತ್ತಿ ತಂದು ನೀರಿಗೆ ಇಳಿಸಬೇಕು. ತಲಾ 12 ಕಿಲೋ ಎಂದರೆ ಹೆಚ್ಚೇನಲ್ಲ, ಆದರೆ ಒಬ್ಬರು ತಾಳ ತಪ್ಪಿದರೆ ಪಕ್ಕದವರ ಸೊಂಟಕ್ಕೆ ಬೀಳುತ್ತದೆ. ಸ್ಲಿಪ್ ಡಿಸ್ಕ್ ಆದವರು ಫಿಸಿಯೋಥೆರಪಿಸ್ಟ್ ಅನ್ನು ಕೇಳಿಯೇ ಹೋಗಬೇಕು, ಕ್ಲಬ್ಬಿಗೂ ಮೊದಲೇ ಹೇಳಬೇಕು.

ಬಿಪಿ ಇರುವವರು ಉಸಿರು ಬಿಗಿಹಿಡಿದು ಜೋರಾಗಿ ಒದೆಯಬಾರದು. ಆ ಕ್ಷಣದಲ್ಲಿ ರಕ್ತದೊತ್ತಡ ಜಿಗಿಯುತ್ತದೆ. ನಿಯಂತ್ರಣದಲ್ಲಿರುವ ಬಿಪಿಗೆ ನಿಧಾನಗತಿಯ ನಿಯಮಿತ ವ್ಯಾಯಾಮ ಒಳ್ಳೆಯದೇ, ನಿಯಂತ್ರಣದಲ್ಲಿಲ್ಲದಿದ್ದರೆ ಮೊದಲು ವೈದ್ಯರು, ಆಮೇಲೆ ದೋಣಿ.

ವಯಸ್ಸಿನ ಮಾತಿಗೆ ಆಧಾರವೇ ಇಲ್ಲ. ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ರೋಯಿಂಗ್‌ನಲ್ಲಿ 27 ವರ್ಷದಿಂದಲೇ 'ಮಾಸ್ಟರ್ಸ್' ಎಂಬ ಬೇರೆ ವಿಭಾಗ ಶುರುವಾಗುತ್ತದೆ. ತಂಡದ ಸರಾಸರಿ ವಯಸ್ಸಿನ ಮೇಲೆ ಗುಂಪು ಮಾಡುತ್ತಾರೆ: 43, 50, 55, 60 ಹೀಗೆ ಎಂಬತ್ತರಾಚೆಗೂ. ಸ್ಪರ್ಧೆಯ ದೂರ 2000 ಮೀಟರ್ ಅಲ್ಲ, 1000. ನಮ್ಮ ಓದುಗರು ಇಂದು ಕಲಿತರೆ ಈ ಪಟ್ಟಿಯಲ್ಲಿ ಕಿರಿಯರ ಕಡೆಯವರೇ. ದೊಡ್ಡವರಾದ ಮೇಲೆ ಶುರುಮಾಡಿ ಒಲಿಂಪಿಕ್ಸ್‌ಗೆ ಹೋದವರೂ ಇದ್ದಾರೆ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರದ ಊರಿನ ದತ್ತು ಭೋಕನಳ್ ಹುಟ್ಟು ಹಿಡಿದಿದ್ದು ಸೇನೆ ಸೇರಿದ ಮೇಲೆ. 2016ರ ರಿಯೋದಲ್ಲಿ ಅವರು 13ನೇ ಸ್ಥಾನ ಪಡೆದರು. ಆದರೆ ಅವರಿಗೆ ಅದೇ ದಿನದ ಕೆಲಸವಾಗಿತ್ತು ಎಂಬುದನ್ನೂ ಮರೆಯಬಾರದು.

ಭಾವನ ಮಾತು

ಈಗ ನೀರು. ಭಾವ ಹೇಳಿದ್ದರಲ್ಲಿ ವಿಜ್ಞಾನವಿದೆ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಧುತ್ತನೆ ಬಿದ್ದರೆ ದೇಹ ನಮ್ಮನ್ನು ಕೇಳದೆ ದೊಡ್ಡ ಉಸಿರು ಎಳೆದುಕೊಳ್ಳುತ್ತದೆ. ಬಾಯಿ ನೀರೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಜತೆಗೇ ಚರ್ಮದ ರಕ್ತನಾಳಗಳು ಸಂಕುಚಿಸಿ ಎದೆಬಡಿತವೂ ಬಿಪಿಯೂ ಏರುತ್ತವೆ. ಒಂದೆರಡು ನಿಮಿಷದಲ್ಲಿ ಇದು ಇಳಿಯುತ್ತದೆ, ಆದರೆ ಆ ಒಂದೆರಡು ನಿಮಿಷದಲ್ಲಿ ಒಳ್ಳೆಯ ಈಜುಗಾರರೂ ಕಂಗಾಲಾಗುತ್ತಾರೆ. ಅದಕ್ಕೇ ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆ ಆರ್‌ಎನ್‌ಎಲ್‌ಐ ಹೇಳುವುದು: ಬಿದ್ದ ಕೂಡಲೇ ಈಜಬೇಡಿ, ಮೊದಲು ಅಂಗಾತ ತೇಲಿ. ಕೆರೆ, ಬಾವಿಗಳಲ್ಲಿ ಈಜು ಕಲಿತ ನಮ್ಮವರಿಗೆ ಈ ತಣ್ಣೀರಿನ ಅನುಭವವೇ ಇರುವುದಿಲ್ಲ.

ರೋಯಿಂಗ್‌ನಲ್ಲಿ ಇದಕ್ಕೆ ಇನ್ನೊಂದು ನಿಯಮ ಸೇರುತ್ತದೆ. ದೋಣಿ ಮಗುಚಿದರೂ ಮುಳುಗುವುದಿಲ್ಲ. ದಡ ಹತ್ತಿರ ಕಂಡರೂ ಅದನ್ನು ಬಿಟ್ಟು ಈಜಿಕೊಂಡು ಹೋಗಬೇಡಿ, ದೋಣಿಯನ್ನೇ ಹಿಡಿದುಕೊಂಡು, ಸಾಧ್ಯವಾದಷ್ಟು ಅದರ ಮೇಲೆ ಏರಿಕೊಳ್ಳಿ. ಪಾದ ಹಲಗೆಗೆ ಬಿಗಿದಿದೆಯಲ್ಲ, ಸಿಕ್ಕಿಕೊಳ್ಳುವುದಿಲ್ಲವೇ? ಶೂಗಳ ಹಿಮ್ಮಡಿಗೆ ದಾರ ಕಟ್ಟಿರುತ್ತಾರೆ. ಕಾಲೆಳೆದರೆ ಹಿಮ್ಮಡಿ ತಡೆದು ಪಾದ ಹೊರಬರುತ್ತದೆ. ದೋಣಿ ಹತ್ತುವ ಮೊದಲು ಪ್ರತಿ ಸಲವೂ ಅದನ್ನು ಎಳೆದು ನೋಡಬೇಕು. ಒಬ್ಬರ ದೋಣಿಯಲ್ಲಿ ಕಲಿಯುವವರು ಒಂದಲ್ಲ ಒಂದು ದಿನ ಬೀಳುತ್ತಾರೆ, ಅದನ್ನು ತಪ್ಪಿಸಲಾಗದು. ಎಂಟು ಜನರ ದೋಣಿ ಮಗುಚುವುದು ಅಪರೂಪ. ಹೊಸಬರನ್ನು ಅಗಲ ತಳದ ದೋಣಿಯಲ್ಲಿ ಅಥವಾ ದೊಡ್ಡ ತಂಡದೊಂದಿಗೆ ಕೂರಿಸುವುದು ಇದಕ್ಕೇ.

ಟೆಡ್ಡಿಂಗ್ಟನ್‌ಗಿಂತ ಮೇಲಿನ ಥೇಮ್ಸ್‌ನಲ್ಲಿ ಪ್ರವಾಹ ಹೆಚ್ಚಾದಾಗ ಪರಿಸರ ಇಲಾಖೆ ಲಾಕ್‌ಗಳ ಬಳಿ ಕೆಂಪು ಫಲಕ ಹಾಕುತ್ತದೆ. ಆಗ ಒಳ್ಳೆಯ ಕ್ಲಬ್ಬುಗಳು ನೀರಿಗಿಳಿಯದೆ ಯಂತ್ರದ ಮೇಲೇ ಅಭ್ಯಾಸ ಮಾಡುತ್ತವೆ. ಟೆಡ್ಡಿಂಗ್ಟನ್ ಕೆಳಗೆ ಭರತ ಇಳಿತವೂ ಸೇರುವುದರಿಂದ ಅಭ್ಯಾಸದ ಸಮಯವನ್ನೇ ಅದು ನಿರ್ಧರಿಸುತ್ತದೆ.

ನಮ್ಮ ದೇಶದಲ್ಲಿ ನೀರು ಬೆಚ್ಚಗಿದೆ, ಆದರೆ ಗಾಳಿಯನ್ನು ನಂಬುವಂತಿಲ್ಲ. 2022ರ ಮೇ ತಿಂಗಳಲ್ಲಿ ಕೋಲ್ಕತ್ತದ ರವೀಂದ್ರ ಸರೋವರದಲ್ಲಿ ಅಭ್ಯಾಸದ ವೇಳೆ ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿ ಇಬ್ಬರು ಶಾಲಾ ಬಾಲಕರು ತೀರಿಕೊಂಡರು. ಅದು ಸಮುದ್ರವಲ್ಲ, ನಗರದ ನಡುವಿನ ಕೆರೆ.

ಹಿಂದೆ ಮಾಡಿದ್ದವರು

ಪುಣೆಯ ಇಂಜಿನಿಯರಿಂಗ್ ಕಾಲೇಜಿನ ಬೋಟ್ ಕ್ಲಬ್ಬಿನಲ್ಲೋ, ಸೇನೆಯಲ್ಲೋ ರೋಯಿಂಗ್ ಮಾಡಿ ಇಪ್ಪತ್ತು ವರ್ಷ ಬಿಟ್ಟವರು ಸೇರುವಾಗ ಅಪಾಯ ಬೇರೆ. ತಾಳ, ಹುಟ್ಟು ತಿರುಗಿಸುವ ಕೈಚಳಕ ಸೈಕಲ್ ಸವಾರಿಯಂತೆ ಬೇಗ ಮರಳುತ್ತವೆ. ಸ್ನಾಯುರಜ್ಜು, ಪಕ್ಕೆಲುಬು, ಅಂಗೈ ಚರ್ಮ ಬೇಗ ಮರಳುವುದಿಲ್ಲ. ತಲೆ ಇಪ್ಪತ್ತೈದರ ಜೋರಿನಲ್ಲಿ ಎಳೆಯುತ್ತದೆ, ದೇಹ ತಡೆಯುವುದಿಲ್ಲ. ರೋಯಿಂಗ್‌ನಲ್ಲಿ ಪಕ್ಕೆಲುಬಿನಲ್ಲಿ ಸೂಕ್ಷ್ಮ ಬಿರುಕು ಬಿಡುವುದು ಹೊಸಬರಿಗಿಂತ ಇಂಥ ಜೋರಿನವರಲ್ಲೇ ಹೆಚ್ಚು. ಕ್ಲಬ್ಬಿನಲ್ಲಿ ನಿಮ್ಮನ್ನು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು: ಒಂದು ಹುಟ್ಟೋ ಎರಡು ಹುಟ್ಟೋ, ಒಂದಾದರೆ ಯಾವ ಬದಿ, ಯಂತ್ರದ ಮೇಲೆ 2000 ಮೀಟರಿಗೆ ಎಷ್ಟು ಸಮಯ. ಕಾಲೇಜಿನ ಹಳೆಯ ಸಮಯ ಹೇಳುವ ಬದಲು ಕಳೆದ ತಿಂಗಳದ್ದು ಹೇಳಿ. ಅಂಗೈ ಬೊಬ್ಬೆಗೆ ಕೈಗವಸು ಹಾಕಬೇಡಿ, ಹಿಡಿತ ಬಿಗಿಯಾಗಿ ಮುಂಗೈ ನೋಯುತ್ತದೆ.

ಫೀಸಿಗಿಂತ ದೊಡ್ಡ ಖರ್ಚು ಸಮಯ. ಜಿಮ್‌ಗೆ ಚಕ್ಕರ್ ಹೊಡೆಯಬಹುದು, ಎಂಟು ಜನರ ದೋಣಿಗೆ ಹೊಡೆಯಲಾಗದು. ಬೆಳಗಿನ ಆರಕ್ಕೆ ಒಬ್ಬರು ಬರದಿದ್ದರೆ ಉಳಿದ ಏಳು ಜನರೂ, ಚುಕ್ಕಾಣಿ ಹಿಡಿಯುವ ಕಾಕ್ಸ್ ಕೂಡ ದಡದಲ್ಲೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರು ಇದನ್ನು ಮೊದಲೇ ಮಾತಾಡಿಕೊಳ್ಳುವುದು ಲೇಸು.

ಭಾರತದಲ್ಲೇ ಇರುವವರಿಗೆ ಅವಕಾಶ ಕಡಿಮೆ. ಕೋಲ್ಕತ್ತ (1858), ಚೆನ್ನೈ (1867) ನಗರಗಳ ಹಳೆಯ ಕ್ಲಬ್ಬುಗಳಲ್ಲಿ ಮುಖ್ಯವಾಗಿ ಸದಸ್ಯರಿಗೆ ಪ್ರವೇಶ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ದೋಣಿ ಕಂಡರೆ ಅದು ಬಹುತೇಕ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರದ್ದು.

ರೆಡಿಂಗ್‌ನ ಓದುಗರಿಗೆ ನಾವು ಬರೆದು ಕಳಿಸಿದ್ದು ಹೀಗೆ: ಏಪ್ರಿಲ್ ನಂತರ ಶುರುವಾಗುವ ಕೋರ್ಸ್ ಆರಿಸಿ, ಆಗ ನೀರು ಬಿಸಿಯಾಗುತ್ತಾ ಹೋಗುತ್ತದೆ. ಬಿಪಿ ತೋರಿಸಿಕೊಂಡು ಹೋಗಿ. ಬಟ್ಟೆ ತೊಟ್ಟು 50 ಮೀಟರ್ ಈಜಬಲ್ಲಿರಾ ಎಂದು ಈಜುಕೊಳದಲ್ಲಿ ಪರೀಕ್ಷಿಸಿಕೊಳ್ಳಿ. ಮೊದಲ ದಿನ ಕ್ಲಬ್ಬಿನಲ್ಲಿ ಕೇಳಿ: ನಮ್ಮ ಜತೆ ರಕ್ಷಣಾ ದೋಣಿ ಬರುತ್ತದೆಯೇ, ಮಗುಚಿದರೆ ಏನು ಮಾಡಬೇಕೆಂದು ಕೊಳದಲ್ಲಿ ಅಭ್ಯಾಸ ಮಾಡಿಸುತ್ತೀರಾ, ಗಾಳಿ ಜೋರಾದಾಗ ಬೇಡ ಎನ್ನುವ ಅಧಿಕಾರ ಯಾರದು. ಉತ್ತರ ತಡವರಿಸಿದರೆ ಥೇಮ್ಸ್ ದಂಡೆಯಲ್ಲಿ ಬೇರೆ ಕ್ಲಬ್ಬುಗಳಿಗೆ ಬರವಿಲ್ಲ. ಆ ಉತ್ತರಗಳನ್ನು ಭಾವನಿಗೂ ಒಂದು ವಾಯ್ಸ್ ಮೆಸೇಜು ಮಾಡಿ ಕಳಿಸಿ.