ಟ್ರಾವೆಲ್ ಕಾರ್ಡ್: ವರ್ಷಕ್ಕೆ ಹದಿನೆಂಟು ಸಲ ಊರಿಗೆ ಹೋಗ್ತೀರಾ?

‘ಸರ್, ಏರ್‌ಪೋರ್ಟ್ ಲೌಂಜ್ ಫ್ರೀ, ಟಿಕೆಟ್ ಮೇಲೆ ಪಾಯಿಂಟ್ಸ್. ವರ್ಷಕ್ಕೆ ಬರೀ 1,499 ರೂಪಾಯಿ.’ ಇಂಥ ಫೋನ್ ನಿಮಗೂ ಬಂದಿರುತ್ತೆ. ಆ ‘ಬರೀ’ ಮೇಲೆ 18% ಜಿಎಸ್‌ಟಿ ಸೇರಿದರೆ ಸುಮಾರು 1,769 ರೂಪಾಯಿ. ಇದು ನಮಗೆ ವಾಪಸ್ ಬರುತ್ತಾ?

ನಮ್ಮೂರಿನ ಲೆಕ್ಕದಲ್ಲೇ ನೋಡೋಣ. ದಢೇಸುಗೂರಿನಿಂದ ಬೆಂಗಳೂರಿಗೆ ಬಂದು ಕೆಲಸ ಮಾಡೋರ ಓಡಾಟ ಅಂದ್ರೆ ಸಿರುಗುಪ್ಪ, ಬಳ್ಳಾರಿ ಮೇಲೆ ಹೋಗೋ ಸ್ಲೀಪರ್ ಬಸ್ಸು, ಇಲ್ಲ 2024ರಲ್ಲಿ ಸಿಂಧನೂರಿಗೆ ಬಂದ ರೈಲು. ಯುಗಾದಿ, ದಸರಾ, ದೀಪಾವಳಿ, ಜಾತ್ರೆ, ಎರಡು ಮದುವೆ: ವರ್ಷಕ್ಕೆ ಆರು ಸಲ. ಹೋಗಿಬರೋಕೆ ಎರಡು ಸಾವಿರ ಅಂತ ಇಟ್ಕೊಂಡ್ರೆ ಒಟ್ಟು 12,000. ಕಾರ್ಡು 5% ವಾಪಸ್ ಕೊಟ್ಟರೂ ಸಿಗೋದು 600 ರೂಪಾಯಿ. ಶುಲ್ಕ ಹುಟ್ಟಬೇಕಾದರೆ 35,000 ರೂಪಾಯಿಗೂ ಹೆಚ್ಚು ಓಡಾಡಬೇಕು, ಅಂದರೆ ಹದಿನೆಂಟು ಸಲ! ಅದರಲ್ಲೂ ಷರತ್ತು ಇರುತ್ತವೆ: ಬ್ಯಾಂಕಿನ ಪೋರ್ಟಲ್‌ನಲ್ಲೇ ಬುಕ್ ಮಾಡಬೇಕು, ರೈಲಾದರೆ ಎಸಿ ಬೋಗಿಯೇ ಆಗಬೇಕು, ಹೀಗೆ.

ಲೌಂಜ್ ಊಟಕ್ಕೆ ಸಾವಿರ ರೂಪಾಯಿ ಬೆಲೆ ಕಟ್ಟಬೇಡಿ. ಕಾರ್ಡ್ ಇಲ್ಲದಿದ್ದರೆ ಅಲ್ಲಿ ಎಷ್ಟು ಕೊಟ್ಟು ತಿಂತಿದ್ರಿ? ಅದಷ್ಟೇ ಅದರ ಬೆಲೆ. ‘ಎರಡು ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ’ ಅನ್ನೋದಕ್ಕೂ ಇದೇ ಮಾತು. ಹೇಗೂ ಆಗೋ ಖರ್ಚಾದರೆ ಸರಿ. 1,769 ಉಳಿಸೋಕೆ ಹತ್ತು ಸಾವಿರದ ಫೋನ್ ಕೊಳ್ಳೋದು ಉಳಿತಾಯ ಅಲ್ಲ.

ಹಾಗಾದರೆ ಯಾರಿಗೂ ಲಾಭ ಇಲ್ವಾ? ಇದೆ. ಸ್ವಂತ ದುಡ್ಡಲ್ಲಿ ಆಗಾಗ ವಿಮಾನ ಹತ್ತೋರಿಗೆ, ವಿದೇಶಕ್ಕೆ ಹೋಗೋರಿಗೆ ಇದೆ. ಸಾಮಾನ್ಯವಾಗಿ ಕಾರ್ಡ್‌ಗಳು ವಿದೇಶಿ ಖರ್ಚಿನ ಮೇಲೆ 3.5% ಮತ್ತು ಅದಕ್ಕೆ ಜಿಎಸ್‌ಟಿ ಹಾಕುತ್ತವೆ. ಎರಡು ಲಕ್ಷ ಖರ್ಚಾದರೆ 8,260 ರೂಪಾಯಿ. 2% ಹಾಕೋ ಕಾರ್ಡ್ ಇದ್ದರೆ 4,720. ಉಳಿಯೋ 3,540ರಲ್ಲಿ ಶುಲ್ಕ ಕಳೆದರೂ ಕೈಯಲ್ಲಿ ದುಡ್ಡು ಇರುತ್ತೆ. ಆದರೆ ಆಫೀಸೇ ಟಿಕೆಟ್ ತೆಗೆಸಿ, ಕಂಪನಿ ಕಾರ್ಡ್ ಕೊಟ್ಟು ಕಳಿಸಿದರೆ ಈ ಲೆಕ್ಕವೂ ನಿಮ್ಮದಲ್ಲ.

ಇಷ್ಟೆಲ್ಲಾ ಲೆಕ್ಕ ಬಿಲ್ ಪೂರ್ತಿ ಕಟ್ಟೋರಿಗೆ ಮಾತ್ರ. ನಮ್ಮ ಕಡೆ ಭತ್ತ ಬೆಳೆಯೋರು ಗೊಬ್ಬರದ ಅಂಗಡಿಯಲ್ಲಿ ಉದ್ರಿ ತಂದು ಸುಗ್ಗಿಗೆ ತೀರಿಸೋದು ಹೊಸದಲ್ಲ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೇ ಅಪ್ಪನಂಥವರಿಗೆ ರಾತ್ರಿ ನಿದ್ದೆ ಹತ್ತಲ್ಲ. ‘ಮಿನಿಮಮ್ ಡ್ಯೂ’ ಕಟ್ಟಿ ಉಳಿಸಿಕೊಂಡ ಬಾಕಿಗೆ ಬಹಳಷ್ಟು ಕಾರ್ಡ್‌ಗಳು ಹಾಕೋದು ಮೂರೂವರೆ ರೂಪಾಯಿ ಆಸುಪಾಸು, ವರ್ಷಕ್ಕೆ 40%ಗೂ ಮೇಲೆ. ಐವತ್ತು ಸಾವಿರ ಬಾಕಿ ಒಂದೇ ತಿಂಗಳು ಉಳಿದರೂ ಬಡ್ಡಿ 1,750. ವರ್ಷದ ಶುಲ್ಕದಷ್ಟೇ ಮೊತ್ತ ಮತ್ತೊಮ್ಮೆ ಹೋಯ್ತು. ಅವರು ಹೊಲಕ್ಕೆ ಸಾಲ ಮಾಡ್ತಾರೆ. ನಾವು ಲೌಂಜಿನ ಕಾಫಿಗೆ ಮಾಡೋದು ಬೇಡ.

ಕಾರ್ಡ್ ಈಗಾಗಲೇ ಇದ್ದರೆ ಶುಲ್ಕ ಬೀಳೋ ತಿಂಗಳನ್ನು ಫೋನಿನಲ್ಲಿ ರಿಮೈಂಡರ್ ಹಾಕಿಡಿ. ಒಂದು ತಿಂಗಳು ಮುಂಚೆ ಹಿಂದಿನ ವರ್ಷದ ಸ್ಟೇಟ್‌ಮೆಂಟ್ ತೆಗೆದು, ನಿಜವಾಗಿ ಬಳಸಿದ ಪಾಯಿಂಟ್ಸ್ ಎಷ್ಟು ಅಂತ ಕೂಡಿಸಿ. ಶುಲ್ಕಕ್ಕಿಂತ ಕಮ್ಮಿ ಇದ್ದರೆ ಮೊದಲು ಮಾಫಿ ಕೇಳಿ. ಕೊಡದಿದ್ದರೆ ಇರೋ ಪಾಯಿಂಟ್ಸ್ ಬಳಸಿ, ಬಾಕಿ ಕಟ್ಟಿ, ಮುಚ್ಚೋಕೆ ಅರ್ಜಿ ಹಾಕಿ. 2022ರ ಆರ್‌ಬಿಐ ನಿಯಮದ ಪ್ರಕಾರ ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ಬ್ಯಾಂಕೇ ನಿಮಗೆ ದಿನಕ್ಕೆ 500 ರೂಪಾಯಿ ಕೊಡಬೇಕು.